ಆರ್ಗನ್ ಹೊಟ್ಟೆಯೊಳಗಿನ ಕಬ್ಬಿಣ

ಅಮೆರಿಕದಲ್ಲಿ ಹಿರಿಯರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಯಾರಿಗೂ ಬೇಡವಾಗಿ ಉಳಿಯುವ ಸಾಮಾನುಗಳಲ್ಲಿ ಎಲೆಕ್ಟ್ರಿಕ್ ಆರ್ಗನ್ ಒಂದು. ನೂರು ಕಿಲೋಗೂ ಮಿಕ್ಕಿದ ಮರದ ಪೆಟ್ಟಿಗೆ, ಮೇಲೆ ಎರಡು ಸಾಲು ಕೀಲಿಮಣೆ, ಕಾಲಡಿಯಲ್ಲಿ ಪೆಡಲುಗಳು. ಮಕ್ಕಳಿಗೆ ನುಡಿಸಲು ಬಾರದು, ಮೊಮ್ಮಕ್ಕಳ ಮನೆಯಲ್ಲಿ ಇಡಲು ಜಾಗವಿಲ್ಲ. ದುಡ್ಡು ಬೇಡ, ಹೊತ್ತುಕೊಂಡು ಹೋದರೆ ಸಾಕು ಎಂದು ಜಾಹೀರಾತು ಹಾಕುತ್ತಾರೆ. ಒಂದು ಕಾಲಕ್ಕೆ ಕಂತು ಕಟ್ಟಿ ತಂದ ವಾದ್ಯ ಅದು.

ಜಾಹೀರಾತು ನೋಡಿ ಬರುವವರಲ್ಲಿ ಕೆಲವರು ಕೀಲಿಮಣೆಯನ್ನು ಮುಟ್ಟಿಯೂ ನೋಡುವುದಿಲ್ಲ. ನೇರವಾಗಿ ಹಿಂಬದಿಗೆ ಹೋಗಿ, ಹಲಗೆಯ ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ಇಣುಕುತ್ತಾರೆ. ಅವರು ಹುಡುಕುವುದು ತಳದಲ್ಲಿ ಕೂತಿರುವ ಒಂದು ಲೋಹದ ಷಾಸಿಯನ್ನು. ಅದರ ಮೇಲೆ ದೂಳು ಮೆತ್ತಿದ ಗಾಜಿನ ವಾಲ್ವ್‌ಗಳಿರುತ್ತವೆ, ಪಕ್ಕದಲ್ಲಿ ಎತ್ತಿದರೆ ಕೈ ಜಗ್ಗುವಂಥ ಟ್ರಾನ್ಸ್‌ಫಾರ್ಮರ್‌ಗಳು. ಅದು ಆರ್ಗನ್ನಿನ ಆಂಪ್ಲಿಫೈಯರ್. ಅಂಥ ಎರಡು ಸಿಕ್ಕರೆ, ಒಂದನ್ನು ಎಡಗಡೆಯ ಸ್ಪೀಕರಿಗೆ ಇನ್ನೊಂದನ್ನು ಬಲಗಡೆಯ ಸ್ಪೀಕರಿಗೆ ಜೋಡಿಸಿ ಮನೆಯಲ್ಲಿ ಹಾಡು ಕೇಳುವ ಸ್ಟೀರಿಯೋ ಮಾಡಿಕೊಳ್ಳಬಹುದು. ದಶಕಗಳಿಂದ ನಡೆದುಬಂದಿರುವ ಈ ಹವ್ಯಾಸಕ್ಕೆ ಕಾರಣ ಏನೆಂದು ತಿಳಿಯಬೇಕಾದರೆ ಗುಜರಿ ಸೇರುತ್ತಿರುವ ಈ ವಾದ್ಯ ಹುಟ್ಟಿದ ಕಾಲಕ್ಕೇ ಹೋಗಬೇಕು.

ಲಾರೆನ್ಸ್ ಹ್ಯಾಮಂಡ್ ಷಿಕಾಗೋದ ಎಂಜಿನಿಯರ್. ಸಂಗೀತಗಾರರಲ್ಲ, ಅವರ ಕಸುಬು ಗಡಿಯಾರ. ಕರೆಂಟಿನ 60 ಹರ್ಟ್ಸ್ ಲಯಕ್ಕೆ ಕಟ್ಟುಬಿದ್ದು ಒಂದೇ ವೇಗದಲ್ಲಿ ತಿರುಗುವ ಸಿಂಕ್ರೊನಸ್ ಮೋಟಾರಿನಿಂದ ಗಡಿಯಾರ ನಡೆಸುತ್ತಿದ್ದ ಅವರು, ಅಂಥದೇ ಮೋಟಾರಿನಿಂದ ಸ್ವರವನ್ನೂ ಹುಟ್ಟಿಸಬಹುದೆಂದು ಕಂಡುಕೊಂಡರು. ಅಂಚಿಗೆ ಹಲ್ಲುಗಳಿರುವ ಉಕ್ಕಿನ ಚಿಕ್ಕ ಚಕ್ರ, ಅದರೆದುರಿಗೆ ತಂತಿ ಸುತ್ತಿದ ಅಯಸ್ಕಾಂತದ ಕಡ್ಡಿ. ಚಕ್ರ ತಿರುಗುವಾಗ ಒಂದೊಂದೇ ಹಲ್ಲು ಅಯಸ್ಕಾಂತವನ್ನು ಹಾದುಹೋಗುತ್ತದೆ, ತಂತಿಯಲ್ಲಿ ಸಣ್ಣ ವಿದ್ಯುತ್ ಏರಿಳಿಯುತ್ತದೆ. ಹಲ್ಲು ಹೆಚ್ಚಿದ್ದರೆ ತಾರ, ಕಡಿಮೆಯಿದ್ದರೆ ಮಂದ್ರ. ಇಂಥ 91 ಚಕ್ರಗಳು ಒಂದು ಆರ್ಗನ್ನಿನೊಳಗೆ ಸುತ್ತುತ್ತಿದ್ದವು. 1934ರ ಏಪ್ರಿಲ್‌ನಲ್ಲಿ ಪೇಟೆಂಟ್ ಸಿಕ್ಕಿತು, 1935ರಲ್ಲಿ ಮಾಡೆಲ್ ಎ ಮಾರುಕಟ್ಟೆಗೆ ಬಂತು. ಗಾಳಿಯಿಂದ ನುಡಿಯುವ ಪೈಪ್ ಆರ್ಗನ್ ಕೊಳ್ಳಲು ಶಕ್ತಿಯಿಲ್ಲದ ಸಣ್ಣ ಚರ್ಚುಗಳು ಅದಕ್ಕೆ ಮೊದಲ ಗಿರಾಕಿಗಳಲ್ಲಿದ್ದವು.

ಪೈಪ್ ಆರ್ಗನ್ ಮಾಡುವವರು ಸುಮ್ಮನಿರಲಿಲ್ಲ. ಇದನ್ನು ಪೈಪ್ ಆರ್ಗನ್ನಿಗೆ ಸಮವೆಂದು ಹೇಳಿ ಮಾರುವುದು ಮೋಸ ಎಂಬ ದೂರು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಬಂತು. 1937ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ರಾಕ್‌ಫೆಲ್ಲರ್ ಚಾಪೆಲ್‌ನಲ್ಲಿ ಪರೀಕ್ಷೆಯೇ ನಡೆಯಿತು. ಒಂದು ಕಡೆ ಆ ಚಾಪೆಲ್ಲಿನ ಭಾರೀ ಸ್ಕಿನ್ನರ್ ಪೈಪ್ ಆರ್ಗನ್, ಇನ್ನೊಂದು ಕಡೆ ಹ್ಯಾಮಂಡ್. ಯಾವುದು ನುಡಿಯುತ್ತಿದೆ ಎಂಬುದನ್ನು ಕೇಳಿಯೇ ಹೇಳಬೇಕು. ಸಂಗೀತ ಬಲ್ಲವರೂ ಹಲವು ಸಲ ತಪ್ಪು ಹೇಳಿದರು. ಹಾಗಿದ್ದರೂ ಮರುವರ್ಷ ಕಮಿಷನ್ ತೀರ್ಪು ಕೊಟ್ಟಾಗ, ಪೈಪ್ ಆರ್ಗನ್ನಿಗೆ ಸರಿಸಮ ಎಂಬಂಥ ಮಾತುಗಳನ್ನು ಜಾಹೀರಾತಿನಿಂದ ತೆಗೆಯಲು ಕಂಪನಿಗೆ ಹೇಳಿತು. ಈ ಪ್ರಸಂಗದಲ್ಲಿ ಚಕ್ರಗಳ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಕಲ್ಲಿನ ಗೋಡೆಯ ಅಷ್ಟು ದೊಡ್ಡ ಚಾಪೆಲ್ಲನ್ನು ತುಂಬಿದ ಆಂಪ್ಲಿಫೈಯರಿಗೂ ಸ್ಪೀಕರಿಗೂ ಆ ಹೊಗಳಿಕೆಯ ಅರ್ಧ ಪಾಲು ಸಲ್ಲಬೇಕು.

ಏಕೆಂದರೆ ಆರ್ಗನ್ ತನ್ನ ಆಂಪ್ಲಿಫೈಯರಿನಿಂದ ಕೇಳುವ ದುಡಿಮೆ ಬೇರೆ ಯಾವ ವಾದ್ಯವೂ ಕೇಳದಂಥದು. ಪಿಯಾನೋ ತಂತಿಗೆ ಸುತ್ತಿಗೆ ಬಿದ್ದ ಕೂಡಲೇ ಸ್ವರ ಸೊರಗತೊಡಗುತ್ತದೆ. ಮಾತು, ಹಾಡು ಎಲ್ಲದಕ್ಕೂ ನಡುನಡುವೆ ಉಸಿರು ಬಿಡುವ ಜಾಗವಿದೆ. ಆರ್ಗನ್ ಹಾಗಲ್ಲ, ಪೆಡಲಿನ ಮೇಲೆ ಕಾಲು ಇರುವಷ್ಟು ಹೊತ್ತೂ ಸ್ವರ ಅಷ್ಟೇ ಗಟ್ಟಿಯಾಗಿ ನಿಂತಿರುತ್ತದೆ. ಆ ಸ್ವರವೋ ಮಂದ್ರದ ತಳಮಟ್ಟದ್ದು. ಹದಿನಾರು ಅಡಿಯ ಪೈಪು ಕೊಡುವ ಸ್ವರ 32.7 ಹರ್ಟ್ಸ್. ಹ್ಯಾಮಂಡ್ ಚಕ್ರಗಳಲ್ಲಿ ಮೊದಲನೆಯದೂ ಇದೇ ಸ್ವರವನ್ನು ಹುಟ್ಟಿಸುತ್ತದೆ. ಗಿಟಾರಿನ ಅತಿ ದಪ್ಪ ತಂತಿ 82 ಹರ್ಟ್ಸ್‌ಗೆ ನಿಲ್ಲುತ್ತದೆ, ಮನೆಯ ಮೇಜಿನ ಮೇಲಿನ ರೇಡಿಯೋ ನೂರರ ಕೆಳಗೆ ಹೆಚ್ಚೇನೂ ಹೇಳುತ್ತಿರಲಿಲ್ಲ.

ವಾಲ್ವ್ ಆಂಪ್ಲಿಫೈಯರಿನಲ್ಲಿ ಈ ಮಂದ್ರದ ಹೊರೆ ಬೀಳುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೇಲೆ. ವಾಲ್ವ್ ಕೆಲಸ ಮಾಡುವುದು ನೂರಾರು ವೋಲ್ಟಿನಲ್ಲಿ, ಕಡಿಮೆ ಕರೆಂಟಿನಲ್ಲಿ. ಸ್ಪೀಕರಿಗೆ ಬೇಕಾದದ್ದು ಕಡಿಮೆ ವೋಲ್ಟು, ಹೆಚ್ಚು ಕರೆಂಟು. ಎರಡಕ್ಕೂ ನಡುವೆ ನಿಂತು ಒಂದನ್ನು ಇನ್ನೊಂದಾಗಿ ಬದಲಿಸುವುದು ಈ ಕಬ್ಬಿಣದ ಹಾಳೆಗಳ ಅಡಕ ಮತ್ತು ಅದಕ್ಕೆ ಸುತ್ತಿದ ತಾಮ್ರದ ತಂತಿ. ಸ್ವರ ಅರ್ಧಕ್ಕೆ ಇಳಿದರೆ, ಅಷ್ಟೇ ಶಕ್ತಿ ಸಾಗಿಸಲು ಕಬ್ಬಿಣದೊಳಗಿನ ಅಯಸ್ಕಾಂತ ಪ್ರವಾಹ ಎರಡರಷ್ಟಾಗಬೇಕು. ಕಬ್ಬಿಣ ಸಾಲದಿದ್ದರೆ, ಕಿರಿದಾದ ಕಾಲುವೆಗೆ ಕೆರೆಯ ನೀರು ಬಿಟ್ಟಂತೆ, ಪ್ರವಾಹ ದಂಡೆ ಮೀರುತ್ತದೆ. ಸ್ವರ ಒಡೆದು ಗೊರಗೊರ ಎನ್ನುತ್ತದೆ. ಇದಕ್ಕೆ ಅಡ್ಡದಾರಿಯಿಲ್ಲ. ಹೆಚ್ಚು ಕಬ್ಬಿಣ ಹಾಕಬೇಕು, ಹೆಚ್ಚು ತಾಮ್ರ ಸುತ್ತಬೇಕು, ಹೆಚ್ಚು ದುಡ್ಡು ಸುರಿಯಬೇಕು. ಒಳ್ಳೆಯ ಆರ್ಗನ್ ಕಂಪನಿಗಳು ಸುರಿದವು. ಇವತ್ತು ಗುಜರಿಯಲ್ಲಿ ಹುಡುಕುವವರು ಹುಡುಕುವುದು ಆ ದುಡ್ಡನ್ನೇ.

ಹ್ಯಾಮಂಡ್ ಸ್ಪೀಕರ್ ಪೆಟ್ಟಿಗೆಗಳ ಧ್ವನಿ ಸಪ್ಪೆ ಎನಿಸಿ ತನ್ನದೇ ದಾರಿ ಹುಡುಕಿದವರು ಕ್ಯಾಲಿಫೋರ್ನಿಯಾದ ಡಾನ್ ಲೆಸ್ಲಿ. ಅಂಗಡಿಯ ದೊಡ್ಡ ಸಭಾಂಗಣದಲ್ಲಿ ಕೇಳಿ ಮೆಚ್ಚಿ ಮನೆಗೆ ತಂದ ಆರ್ಗನ್, ಮನೆಯ ಕೋಣೆಯಲ್ಲಿ ಜೀವವಿಲ್ಲದಂತೆ ಕೇಳಿಸಿತು. ತಾರಸ್ವರ ಬರುವ ಕಹಳೆಯನ್ನು ಮೋಟಾರಿನಿಂದ ತಿರುಗಿಸಿ, ಮಂದ್ರದ ಸ್ಪೀಕರಿನ ಕೆಳಗೆ ತಿರುಗುವ ಮರದ ಪೀಪಾಯಿ ಇಟ್ಟು, ಅವರು ಧ್ವನಿಗೆ ಅಲೆ ತಂದರು. 1940ರಲ್ಲಿ ಹ್ಯಾಮಂಡ್ ಕಂಪನಿಗೆ ತೋರಿಸಿದಾಗ ಅವರಿಗೆ ಬೇಡವಾಯಿತು. ಲೆಸ್ಲಿ ತಾವೇ ಮಾಡಿ ಮಾರಿದರು. ಜಿಮ್ಮಿ ಸ್ಮಿತ್‌ರ ಜಾಜ್, ಕರಿಯರ ಚರ್ಚುಗಳ ಗಾಸ್ಪೆಲ್, ಅನಂತರ ರಾಕ್, ಎಲ್ಲವೂ ಹ್ಯಾಮಂಡ್ ಜೊತೆಗೆ ಲೆಸ್ಲಿಯನ್ನೇ ಬೇಡಿದವು. ಲೆಸ್ಲಿ 122 ಎಂಬ ಹೆಸರಾಂತ ಪೆಟ್ಟಿಗೆಯ ತಳದಲ್ಲಿದ್ದದ್ದು 40 ವಾಟಿನ ಒಂದು ಆಂಪ್ಲಿಫೈಯರ್, ಅದರಲ್ಲಿ ಒಂದು ಜೋಡಿ 6550 ವಾಲ್ವ್.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆರ್ಗನ್ ಚರ್ಚಿನಿಂದ ಮನೆಯ ನಡುಮನೆಗೆ ಬಂತು. ಮೊದಲಿನ ಹ್ಯಾಮಂಡ್‌ಗಳಲ್ಲಿ ಕೀಲಿಮಣೆ ಒಂದೆಡೆ, ಆಂಪ್ಲಿಫೈಯರ್ ಮತ್ತು ಸ್ಪೀಕರ್ ಇರುವ ಪೆಟ್ಟಿಗೆ ಇನ್ನೊಂದೆಡೆ ಇರುತ್ತಿತ್ತು. 1940ರ ದಶಕದ ಕೊನೆಗೆ ಬಂದ ಸ್ಪಿನೆಟ್ ಎಂಬ ಸಣ್ಣ ಮಾದರಿಯಲ್ಲಿ ಎಲ್ಲವೂ ಒಂದೇ ಮೈಯೊಳಗೆ ಸೇರಿತು. 1955ರಿಂದ 1964ರವರೆಗೆ ತಯಾರಾದ ಎಂ-3 ಈ ಬಗೆಯಲ್ಲಿ ತುಂಬ ಜನಪ್ರಿಯವಾಯಿತು. ಅದರ ನಂತರದ ಎಂ-100 ಸರಣಿಯ ಒಂದು ಆರ್ಗನ್ನೇ 1967ರಲ್ಲಿ ಪ್ರೊಕೋಲ್ ಹಾರಮ್ ತಂಡದ ‘ಎ ವೈಟರ್ ಷೇಡ್ ಆಫ್ ಪೇಲ್’ ಹಾಡಿನಲ್ಲಿ ನುಡಿದದ್ದು. ಹ್ಯಾಮಂಡ್ ಒಬ್ಬರೇ ಅಲ್ಲ, ಬಾಲ್ಡ್‌ವಿನ್, ಕಾನ್, ವುರ್ಲಿಟ್ಸರ್, ಲೌರಿ, ಪೆನ್ಸಿಲ್ವೇನಿಯಾದ ಆಲೆನ್, ಹೀಗೆ ಹತ್ತಾರು ಕಂಪನಿಗಳು ಆರ್ಗನ್ ಮಾಡುತ್ತಿದ್ದವು. ಆಲೆನ್ ಕಂಪನಿಯ ಚರ್ಚ್ ಆರ್ಗನ್‌ಗಳಲ್ಲಿ ಬೇರೆಬೇರೆ ಸ್ವರಗುಂಪಿಗೆ ಬೇರೆಬೇರೆ ಆಂಪ್ಲಿಫೈಯರ್ ಇರುತ್ತಿದ್ದವು. ಸ್ಟೀರಿಯೋ ಮಾಡುವವರಿಗೆ ಇದು ವರ: ಒಂದೇ ಆರ್ಗನ್ನಿನಿಂದ ಒಂದೇ ತರದ ಜೋಡಿ ಸಿಗುತ್ತದೆ.

ಅದೇ ವರ್ಷಗಳಲ್ಲಿ ಇನ್ನೊಂದು ಕತೆಯೂ ನಡೆಯುತ್ತಿತ್ತು. 1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಆಂಪ್ಲಿಫೈಯರಿನ ನಕ್ಷೆ ಪ್ರಕಟಿಸಿದರು. ದೊಡ್ಡದಾದ, ಎಚ್ಚರಿಕೆಯಿಂದ ಸುತ್ತಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅದರ ಸುತ್ತ ಬಿಗಿಯಾದ ಫೀಡ್‌ಬ್ಯಾಕ್, ಅಂದರೆ ಹೊರಬಂದ ಧ್ವನಿಯ ಒಂದು ಪಾಲನ್ನು ಹಿಂದಕ್ಕೆ ಮರಳಿಸಿ ತಪ್ಪು ತಿದ್ದುವ ಏರ್ಪಾಟು. ಇಷ್ಟರಿಂದ ಧ್ವನಿಯ ಒಡಕು ಹಿಂದೆಂದೂ ಕಾಣದಷ್ಟು ಇಳಿಯಿತು. 1951ರಲ್ಲಿ ಅಮೆರಿಕದ ಡೇವಿಡ್ ಹಾಫ್ಲರ್ ಮತ್ತು ಹರ್ಬರ್ಟ್ ಕೆರೋಸ್ ಅದನ್ನು ಇನ್ನಷ್ಟು ಸುಧಾರಿಸಿದರು. ಹಾಫ್ಲರ್ ಕಟ್ಟಿದ ಡೈನಾಕೋ ಕಂಪನಿ 1959ರಲ್ಲಿ ಸ್ಟೀರಿಯೋ 70 ಎಂಬ ಕಿಟ್ಟನ್ನು ನೂರು ಡಾಲರಿನೊಳಗೆ ಮಾರತೊಡಗಿತು. ಹಾಡು ಕೇಳಲೆಂದೇ ಕಟ್ಟಿದ ಈ ಆಂಪ್ಲಿಫೈಯರುಗಳಿಗೂ ಆರ್ಗನ್ನಿನವಕ್ಕೂ ವಾಲ್ವ್‌ಗಳು ಒಂದೇ ಮನೆತನದವು: 6ವಿ6, 6ಎಲ್6, ಇಎಲ್84, 6550. ಎರಡು ವಾಲ್ವ್ ಎದುರುಬದುರು ನಿಂತು ದುಡಿಯುವ ಪುಷ್-ಪುಲ್ ವಿಧಾನವೂ ಒಂದೇ. ಹೀಗಾಗಿ ಆರ್ಗನ್ನಿನ ಷಾಸಿಯನ್ನು ಮುಂದೆ ಸ್ಟೀರಿಯೋಗೆ ಒಗ್ಗಿಸುವ ಸಾಧ್ಯತೆ ಅದು ಹುಟ್ಟುವಾಗಲೇ ಅದರೊಳಗೆ ಇತ್ತು.

ಟ್ರಾನ್ಸಿಸ್ಟರ್ ಬಂತು, ವಾಲ್ವ್ ಮೂಲೆ ಸೇರಿತು. 1971ರಲ್ಲಿ ಆಲೆನ್ ಡಿಜಿಟಲ್ ಆರ್ಗನ್ ತಂದಿತು. 1970ರ ದಶಕದ ನಡುವೆ ಹ್ಯಾಮಂಡ್ ಚಕ್ರದ ಆರ್ಗನ್ ಮಾಡುವುದನ್ನೇ ನಿಲ್ಲಿಸಿತು. ನಡುಮನೆಯ ಆರ್ಗನ್ ಮೇಲೆ ಹೂದಾನಿ, ಕುಟುಂಬದ ಫೋಟೋಗಳು ಬಂದು ಕೂತವು.

ಕಬ್ಬಿಣಕ್ಕೆ ಮತ್ತೆ ಬೆಲೆ ಬಂದದ್ದು ಜಪಾನಿನ ಕಡೆಯಿಂದ. ಅಮೆರಿಕದ ಹಳೆಯ ಚಿತ್ರಮಂದಿರಗಳಲ್ಲಿ ದೂಳು ತಿನ್ನುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಆಂಪ್ಲಿಫೈಯರುಗಳನ್ನು ಜಪಾನಿನ ಸಂಗೀತಪ್ರಿಯರು 1970ರ ದಶಕದಿಂದಲೇ ಹುಡುಕಿ ಕೊಳ್ಳತೊಡಗಿದರು. 300ಬಿ, 2ಎ3 ಎಂಬ ಮೂವತ್ತರ ದಶಕದ ವಾಲ್ವ್‌ಗಳ ಧ್ವನಿಯನ್ನು ಅಲ್ಲಿನವರು ಆರಾಧಿಸಿದರು. ಹ್ಯಾಮಂಡ್‌ನ ಆರಂಭದ ಕೆಲವು ಸ್ಪೀಕರ್ ಪೆಟ್ಟಿಗೆಗಳಲ್ಲಿ 2ಎ3 ವಾಲ್ವ್‌ಗಳೇ ಇದ್ದವು ಎಂಬುದು ಗೊತ್ತಾದ ಮೇಲೆ, ಚರ್ಚಿನ ಅಟ್ಟದ ಮೇಲೆ ಬಿದ್ದಿದ್ದ ಪೆಟ್ಟಿಗೆಗಳಿಗೂ ಗಿರಾಕಿ ಹುಟ್ಟಿದರು. ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ ‘ಗ್ಲಾಸ್ ಆಡಿಯೋ’, 1992ರಿಂದ ‘ಸೌಂಡ್ ಪ್ರಾಕ್ಟೀಸಸ್’ ಪತ್ರಿಕೆಗಳು ವಾಲ್ವ್ ಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟುವವರನ್ನು ಒಟ್ಟುಗೂಡಿಸಿದವು. ಹೊಸ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ದುಬಾರಿ. ಪುಕ್ಕಟೆ ಆರ್ಗನ್ನಿನೊಳಗೆ ಅದು ಇದ್ದೇ ಇದೆ. ಲೆಕ್ಕ ಯಾರಿಗಾದರೂ ಹೊಳೆಯುವಂಥದು.

ಎಂ-3 ಆರ್ಗನ್ನಿನ ಎಒ-29 ಎಂಬ ಷಾಸಿಯನ್ನು ಹತ್ತಿರದಿಂದ ನೋಡಿದರೆ ಕೆಲಸದ ಸ್ವರೂಪ ತಿಳಿಯುತ್ತದೆ. ಒಂದೇ ಷಾಸಿಯ ಮೇಲೆ ಮೂರ್ನಾಲ್ಕು ಬಗೆಯ ದುಡಿಮೆ ತುಂಬಿಟ್ಟಿದ್ದಾರೆ. ಸ್ವರವನ್ನು ನಡುಗಿಸುವ ವೈಬ್ರಾಟೋ, ಕೀಲಿ ಒತ್ತಿದಾಗ ಟಿಂಗ್ ಎನ್ನುವ ಪರ್ಕಷನ್, ಕಾಲಿನಿಂದ ಧ್ವನಿ ಏರಿಳಿಸುವ ಪೆಡಲಿನ ಹಂತ, ಕೊನೆಯಲ್ಲಿ ಒಂದು ಜೋಡಿ 6ವಿ6 ವಾಲ್ವ್‌ಗಳ ಹತ್ತು ಹನ್ನೆರಡು ವಾಟಿನ ಪವರ್ ಹಂತ. ಸ್ಟೀರಿಯೋಗೆ ಬೇಕಾದದ್ದು ಕೊನೆಯದು ಮಾತ್ರ. ಅನುಭವಸ್ಥರು ಟ್ರಾನ್ಸ್‌ಫಾರ್ಮರ್‌ಗಳು ಮತ್ತು ವಾಲ್ವ್ ಕೂರುವ ಸಾಕೆಟ್‌ಗಳನ್ನು ಉಳಿಸಿಕೊಂಡು ಉಳಿದ ತಂತಿಜಾಲವನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಬೆಸುಗೆ ಹಾಕುತ್ತಾರೆ. ಹೊಸಬರು ಇದ್ದ ಸರ್ಕ್ಯೂಟನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಲು ಹೋಗಿ ವಾರಗಟ್ಟಲೆ ಗೊಂದಲದಲ್ಲಿ ಸಿಕ್ಕಿಕೊಳ್ಳುವುದುಂಟು. ಮೊದಲ ದಾರಿಯೇ ಒಳ್ಳೆಯದು. ಕೆಲಸ ಹೆಚ್ಚೆನಿಸಿದರೂ ಕೊನೆಗೆ ಉಳಿಯುವುದು ಅರ್ಥವಾಗುವ ಸರ್ಕ್ಯೂಟು.

ಟ್ರಾನ್ಸ್‌ಫಾರ್ಮರಿನ ಗುಣ ಅಳೆಯುವ ವಿಧಾನ ಸರಳ, ಚೆಂದ. ಷಾಸಿಯಿಂದ ಬಿಚ್ಚಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸ್ಪೀಕರ್ ಕಡೆಯ ತಂತಿಗಳಿಗೆ 1 ವೋಲ್ಟ್ ಎಸಿ ಕೊಟ್ಟು, ವಾಲ್ವ್ ಕಡೆಯ ಎರಡು ತುದಿಗಳ ನಡುವೆ ಎಷ್ಟು ಬರುತ್ತದೆಂದು ಮೀಟರಿನಲ್ಲಿ ನೋಡಬೇಕು. 32 ವೋಲ್ಟ್ ತೋರಿಸಿತು ಎನ್ನೋಣ. 32ರ ವರ್ಗ 1024. ಅದನ್ನು ಸ್ಪೀಕರಿನ 8 ಓಮ್‌ನಿಂದ ಗುಣಿಸಿದರೆ ಹೆಚ್ಚುಕಡಿಮೆ 8,200 ಓಮ್. 6ವಿ6 ಜೋಡಿಗೆ ತಯಾರಕರು ಹೇಳುವ ಹೊರೆ 8,000 ಓಮ್. ಅಂದರೆ ಈ ಟ್ರಾನ್ಸ್‌ಫಾರ್ಮರಿಗೆ 8 ಓಮಿನ ಸ್ಪೀಕರ್ ಒಪ್ಪುತ್ತದೆ. ಹೆಸರು, ನಂಬರು, ಕಾಗದಪತ್ರ ಏನೂ ಇಲ್ಲದ ಕಪ್ಪು ಕಬ್ಬಿಣದ ಮುದ್ದೆಯ ಜಾತಕ ಐದು ನಿಮಿಷದಲ್ಲಿ ಕೈಗೆ ಸಿಗುತ್ತದೆ.

ಅರವತ್ತು ವರ್ಷ ಹಳೆಯ ಷಾಸಿಯನ್ನು ತಂದ ದಿನವೇ ಪ್ಲಗ್ಗಿಗೆ ಚುಚ್ಚಿದವರು ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡ ನಿದರ್ಶನಗಳು ಬೇಕಾದಷ್ಟಿವೆ. ಹಂತದಿಂದ ಹಂತಕ್ಕೆ ಧ್ವನಿ ದಾಟಿಸುವ ಹಳೆಯ ಕಾಗದದ ಕಂಡೆನ್ಸರ್‌ಗಳು ಕಾಲ ಕಳೆದಂತೆ ಸೋರತೊಡಗುತ್ತವೆ. ಹಿಂದಿನ ಹಂತದ ವೋಲ್ಟು ಅವುಗಳ ಮೂಲಕ, ಪವರ್ ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್ಡಿಗೆ ಇಳಿಯುತ್ತದೆ. ಆಗ ವಾಲ್ವಿಗೆ ಕಡಿವಾಣವೇ ಇಲ್ಲ. ಒಳಗಿನ ಪ್ಲೇಟ್ ಕೆಂಡದಂತೆ ಕೆಂಪಾಗುತ್ತದೆ, ಮಿತಿಮೀರಿದ ಕರೆಂಟ್ ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಸುಡುತ್ತದೆ. ಪವರ್ ಸಪ್ಲೈನ ಡಬ್ಬಿ ಕಂಡೆನ್ಸರ್‌ಗಳು ಒಳಗೇ ಒಣಗಿರುತ್ತವೆ. ಕಾರ್ಬನ್ ರೆಸಿಸ್ಟರ್‌ಗಳ ಮೌಲ್ಯ ಬರೆದದ್ದಕ್ಕಿಂತ ಏರಿರುತ್ತದೆ. ಆದ್ದರಿಂದ ಕಂಡೆನ್ಸರ್‌ಗಳನ್ನು ಕಣ್ಣುಮುಚ್ಚಿ ಬದಲಿಸುವುದು, ಆಮೇಲೆ ವೋಲ್ಟನ್ನು ಬೇಕಾದಷ್ಟಕ್ಕೆ ಹೊಂದಿಸುವ ವೇರಿಯಾಕ್‌ನಿಂದ ಕರೆಂಟನ್ನು ಸ್ವಲ್ಪಸ್ವಲ್ಪವೇ ಏರಿಸುವುದು ರೂಢಿ.

ಜೀವಕ್ಕೆ ಸಂಬಂಧಿಸಿದ ಮಾತನ್ನೂ ಇಲ್ಲೇ ಹೇಳಬೇಕು. ಈ ಷಾಸಿಗಳೊಳಗೆ 300ರಿಂದ 400 ವೋಲ್ಟಿನ ಡಿಸಿ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಸಾಕಷ್ಟು ಹೊತ್ತು ನಿಂತಿರುತ್ತದೆ. ಹಳೆಯ ಅಮೆರಿಕನ್ ವಸ್ತುಗಳಿಗೆ ಎರಡೇ ಕಡ್ಡಿಯ ಪ್ಲಗ್, ಅರ್ತ್ ಇಲ್ಲ. ಕೆಲವುಗಳಲ್ಲಿ ಮೇನ್ಸ್ ತಂತಿಯಿಂದ ಷಾಸಿಗೆ ಒಂದು ಕಂಡೆನ್ಸರ್ ಬೇರೆ. ಅದು ಒಳಗೇ ಷಾರ್ಟ್ ಆದರೆ ಷಾಸಿಯ ಮೈಯೆಲ್ಲ ಕರೆಂಟು. ಅದನ್ನು ಕತ್ತರಿಸಿ ಎಸೆದು, ಮೂರು ತಂತಿಯ ಕೇಬಲ್ ಎಳೆದು, ಷಾಸಿಗೆ ಅರ್ತ್ ಕೊಟ್ಟು, ಫ್ಯೂಸ್ ಹಾಕುವುದು ಧ್ವನಿಯ ಯೋಚನೆಗೂ ಮೊದಲಿನ ಕೆಲಸ. ಈ ವಿದ್ಯೆ ಗೊತ್ತಿಲ್ಲದವರು ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲಿ ಕೊಡುವುದೇ ಸರಿ.

ಇಷ್ಟಾದ ಮೇಲೆ ಎದುರಾಗುವ ನಿಜವಾದ ಸವಾಲು ತಾರಸ್ವರದ್ದು. ಹ್ಯಾಮಂಡ್ ಚಕ್ರಗಳಲ್ಲಿ ಕೊನೆಯದು ಹುಟ್ಟಿಸುವ ಸ್ವರ ಸುಮಾರು 5,900 ಹರ್ಟ್ಸ್. ಅದರಾಚೆಗೆ ವಾದ್ಯದಿಂದ ಬರುವುದು ಗದ್ದಲವೇ ಹೆಚ್ಚು. ಹಾಗಾಗಿ ಆರ್ಗನ್ ಎಂಜಿನಿಯರುಗಳು ತಾರಕ್ಕೆ ತಲೆಕೆಡಿಸಿಕೊಳ್ಳಲಿಲ್ಲ, ಎಷ್ಟೋ ಕಡೆ ಸಣ್ಣ ಕಂಡೆನ್ಸರ್ ಇಟ್ಟು ಬೇಕೆಂದೇ ತಗ್ಗಿಸಿದರು. ವೀಣೆಯ ಮೀಟಿನ ಹರಿತ, ಮೃದಂಗದ ಬಲಗಡೆಯ ನಾದ, ಸಿಂಬಲ್ಲಿನ ಚಿಮ್ಮು, ಇವೆಲ್ಲ ಅದರ ಮೇಲೂ ಹರಡಿಕೊಂಡಿವೆ. ಸ್ಟೀರಿಯೋ ಮಾಡುವವರು ಆ ಕಂಡೆನ್ಸರ್‌ಗಳನ್ನು ತೆಗೆದು, ಫೀಡ್‌ಬ್ಯಾಕನ್ನು ಹೊಸದಾಗಿ ಹೊಂದಿಸಿ, ಆಸಿಲೋಸ್ಕೋಪಿನಲ್ಲಿ ಚೌಕಾಕಾರದ ಅಲೆ ಹಾಯಿಸಿ ನೋಡುತ್ತಾರೆ. ಅಲೆಯ ಮೂಲೆಯಲ್ಲಿ ನಡುಕ ಕಂಡರೆ ಫೀಡ್‌ಬ್ಯಾಕ್ ಹೆಚ್ಚಾಗಿದೆ ಎಂದರ್ಥ; ಕಿವಿಗೆ ಕೇಳಿಸದಷ್ಟು ಮೇಲೆ ಆಂಪ್ಲಿಫೈಯರ್ ತಾನಾಗಿ ಕಂಪಿಸಲು ಹೊರಟಿದೆ. ಒಳ್ಳೆಯ ಟ್ರಾನ್ಸ್‌ಫಾರ್ಮರ್ ಈ ಪರೀಕ್ಷೆಯಲ್ಲಿ 15,000 ಹರ್ಟ್ಸ್ ದಾಟಿಯೂ ನೆಟ್ಟಗೆ ನಿಲ್ಲುತ್ತದೆ. ಸಣ್ಣ ಕಾರ್ಡ್ ಆರ್ಗನ್‌ಗಳ, ಅಗ್ಗದ ಸ್ಪಿನೆಟ್‌ಗಳ ಟ್ರಾನ್ಸ್‌ಫಾರ್ಮರ್‌ಗಳು ಮಂದ್ರದಲ್ಲೂ ತಾರದಲ್ಲೂ ಕೈಕೊಡುತ್ತವೆ. ಆರ್ಗನ್ ಎಂದ ಮಾತ್ರಕ್ಕೆ ಎಲ್ಲವೂ ಚಿನ್ನವಲ್ಲ.

ಹತ್ತು ವಾಟ್ ಯಾವ ಮೂಲೆಗೆ ಎಂದು ಇವತ್ತಿನವರು ಕೇಳಬಹುದು. ಸ್ಪೀಕರ್ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ಅರ್ಕಾನ್ಸಾದ ಹೋಪ್ ಎಂಬ ಊರಿನಲ್ಲಿ ಮಾಡತೊಡಗಿದ, ಕೋಣೆಯ ಮೂಲೆಗೆ ಒರಗಿ ಕೂರುವ ಕಹಳೆ ಸ್ಪೀಕರ್ ಒಂದೇ ವಾಟಿನಿಂದ ಮನೆ ತುಂಬಿಸುತ್ತದೆ. ಅಷ್ಟು ಸೂಕ್ಷ್ಮವಲ್ಲದ ಸಾಧಾರಣ ಪುಸ್ತಕದ ಕಪಾಟಿನ ಸ್ಪೀಕರಿಗೂ ಚಿಕ್ಕ ಕೋಣೆಯಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಒಂದು ಕೃತಿ ಕೇಳಲು ಹತ್ತು ವಾಟ್ ಧಾರಾಳ. ಸೂಕ್ಷ್ಮ ಸ್ಪೀಕರಿನ ತೊಡಕು ಬೇರೆ: ಚರ್ಚಿನಲ್ಲಿ ಯಾರಿಗೂ ಕೇಳಿಸದ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಮನೆಯಲ್ಲಿ ಮೀಟರು ದೂರದಿಂದ ಕಿವಿಗೆ ಬೀಳುತ್ತದೆ, ಅದನ್ನು ಅಡಗಿಸಲು ಅರ್ತ್ ತಂತಿಗಳನ್ನು ಹಲವು ಸಲ ಬಿಚ್ಚಿ ಕಟ್ಟಬೇಕಾಗುತ್ತದೆ.

ಲೆಸ್ಲಿ 122 ಆಂಪ್ಲಿಫೈಯರ್ ಬೇರೆಯೇ ಪ್ರಾಣಿ. ಅದು ಶುದ್ಧ ಪವರ್ ಆಂಪ್ಲಿಫೈಯರ್, ಕಿತ್ತುಹಾಕಬೇಕಾದ್ದು ಕಡಿಮೆ, 40 ವಾಟ್ ಕೊಡುತ್ತದೆ. ಅದರ ತೊಡಕು ಪ್ಲಗ್ಗಿನಲ್ಲಿದೆ. ಆರ್ಗನ್ನಿನಿಂದ ಬರುವ ಆರು ಕಡ್ಡಿಯ ಒಂದೇ ಪ್ಲಗ್ಗಿನಲ್ಲಿ ಸಂಗೀತದ ಸಿಗ್ನಲ್, ಕಹಳೆಯ ವೇಗ ಬದಲಿಸುವ ಡಿಸಿ, ಜೊತೆಗೆ ಮೇನ್ಸ್ ಕರೆಂಟು ಕೂಡ ಬರುತ್ತದೆ. ಗೊತ್ತಿಲ್ಲದೆ ಸಿಡಿ ಪ್ಲೇಯರಿನ ತಂತಿಯನ್ನು ಅದಕ್ಕೆ ಜೋಡಿಸಿದರೆ ಪ್ಲೇಯರ್ ಅಲ್ಲಿಗೇ ಮುಗಿಯಿತು. ಆ ಪ್ಲಗ್ಗನ್ನು ತೆಗೆದು, ಮೋಟಾರಿನ ವೇಗ ಬದಲಿಸುವ ಭಾಗವನ್ನು ಕಳಚಿ, ಸಾಧಾರಣ ಆರ್‌ಸಿಎ ಸಾಕೆಟ್ ಕೂರಿಸಬೇಕು. ಇನ್ನೊಂದು, ಅದರ ಟ್ರಾನ್ಸ್‌ಫಾರ್ಮರಿನಲ್ಲಿ ಇರುವುದು 16 ಓಮಿನ ದಾರಿ ಮಾತ್ರ. ಇಂದಿನ ಸ್ಪೀಕರುಗಳು 8 ಅಥವಾ 4 ಓಮ್. ಒಂದೊಂದು ಕಡೆಗೂ 8 ಓಮಿನ ಎರಡೆರಡು ಸ್ಪೀಕರನ್ನು ಸಾಲಾಗಿ ಜೋಡಿಸಿ 16 ಮಾಡಿಕೊಳ್ಳುವವರಿದ್ದಾರೆ, ಹಳೆಯ 16 ಓಮಿನ ಸ್ಪೀಕರನ್ನೇ ಹುಡುಕುವವರಿದ್ದಾರೆ. ಕೊನೆಗೆ ಟ್ರಾನ್ಸ್‌ಫಾರ್ಮರ್ ಬದಲಿಸುವವರು ಹೆಚ್ಚಾಗಿ ಮೊರೆ ಹೋಗುವುದು ಕೆನಡಾದ ಗ್ವೆಲ್ಫ್ ಊರಿನ ಹ್ಯಾಮಂಡ್ ಮ್ಯಾನುಫ್ಯಾಕ್ಚರಿಂಗ್ ಎಂಬ ಕಂಪನಿಗೆ. ಷಿಕಾಗೋದ ಆರ್ಗನ್ ಹ್ಯಾಮಂಡ್‌ಗೂ ಅದಕ್ಕೂ ಸಂಬಂಧವಿಲ್ಲ.

ಗುಜರಿಯ ಮುಂದೆ ಸ್ಟೀರಿಯೋದವರಿಗೆ ಪೈಪೋಟಿ ಕೊಡುವವರು ಗಿಟಾರ್ ನುಡಿಸುವವರು. ಫೆಂಡರ್ ಕಂಪನಿಯ ಡೀಲಕ್ಸ್ ಆಂಪ್ಲಿಫೈಯರಿನಲ್ಲಿ ಇರುವುದೂ 6ವಿ6 ಜೋಡಿಯೇ. ಅವರಿಗೆ ಬೇಕಾದದ್ದು ಜೋರಾಗಿ ಏರಿಸಿದಾಗ ವಾಲ್ವ್ ಒಡೆದು ಕೊಡುವ ಕರ್ಕಶ ಸಿಹಿ. ಸ್ಟೀರಿಯೋದವರಿಗೆ ಅದೇ ಬೇಡವಾದದ್ದು. ಒಂದೇ ಷಾಸಿ ಎರಡು ವಿರುದ್ಧ ಕಿವಿಗಳಿಗೆ ಒದಗುತ್ತದೆ. ಗಿಟಾರಿನವರಿಗೆ ಒಂದೇ ಸಾಕು, ಸ್ಟೀರಿಯೋದವರಿಗೆ ಒಂದೇ ತರದ ಎರಡು ಬೇಕು. ಹಾಗಾಗಿ ಒಂಟಿ ಷಾಸಿಗಳು ಬಹುಪಾಲು ಗಿಟಾರಿನ ಕಡೆಗೇ ಹೋಗುತ್ತವೆ.

ಆರ್ಗನ್ ಪ್ರೀತಿಸುವವರು ಈ ಕಿತ್ತಾಟವನ್ನೆಲ್ಲ ನೋಡಿ ನೊಂದುಕೊಳ್ಳುತ್ತಾರೆ, ಅವರ ನೋವಿನಲ್ಲಿ ನ್ಯಾಯವಿದೆ. ಹೆಸರಾಂತ ಬಿ-3 ಆರ್ಗನ್ನಿನ ಮೈಯೊಳಗೆ ಪವರ್ ಆಂಪ್ಲಿಫೈಯರ್ ಇರಲೇ ಇಲ್ಲ, ಅದಕ್ಕೆ ಹೊರಗಿನ ಪೆಟ್ಟಿಗೆ ಬೇಕು. ಆದ್ದರಿಂದ ಅದು ಈ ಬೇಟೆಯಿಂದ ಪಾರಾಗಿದೆ. ಅದೇ ಚಕ್ರಗಳು, ಅದೇ ನಾದ ಇರುವ ಎ-100 ಆಂಪ್ಲಿಫೈಯರನ್ನೂ ಒಳಗೇ ಹೊತ್ತಿದೆ. ಅದನ್ನು ಕೊಯ್ಯುವುದು ಪಾಪ. ನುಡಿಯುವ ಆರ್ಗನ್ನಿಗೆ ನುಡಿಸುವವರು ಸಿಗುವವರೆಗೂ ಕಾಯಬೇಕು. ನೀರು ನುಗ್ಗಿ ಮರ ಉಬ್ಬಿದ, ಚಕ್ರಗಳು ತುಕ್ಕು ಹಿಡಿದು ಜಾಮ್ ಆದ, ಇಲಿ ತಂತಿ ತಿಂದ ಆರ್ಗನ್ನಿನ ಮಾತು ಬೇರೆ. ಅದರ ಆಂಪ್ಲಿಫೈಯರನ್ನು ಉಳಿಸಿಕೊಳ್ಳುವವರು ವಾದ್ಯಕ್ಕೆ ಉಪಕಾರವನ್ನೇ ಮಾಡುತ್ತಾರೆ.

ಇಂಥ ಷಾಸಿಯನ್ನು ಭಾರತಕ್ಕೆ ತಂದವರು ಇನ್ನೊಂದು ಲೆಕ್ಕ ಹಾಕಬೇಕು. ಅದು ಹುಟ್ಟಿದ ಕಾಲದ ಅಮೆರಿಕದ ಮೇನ್ಸ್ 117 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ವೋಲ್ಟನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನಿಂದ ಇಳಿಸಬಹುದು. ಹರ್ಟ್ಸನ್ನು ಹಾಗೆ ಬದಲಿಸಲಾಗದು, ಮೇನ್ಸ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ. ಹಾಗಾಗಿ ವೋಲ್ಟನ್ನು ಇನ್ನೂ ಸ್ವಲ್ಪ ತಗ್ಗಿಸಿ, ಸುತ್ತ ಗಾಳಿಯಾಡಲು ಜಾಗ ಬಿಟ್ಟು ಓಡಿಸುವುದು ಕ್ಷೇಮ. ಇಡೀ ಆರ್ಗನ್ನನ್ನೇ ತಂದಿದ್ದರಂತೂ ಸಿಂಕ್ರೊನಸ್ ಮೋಟಾರ್ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿ, ಎಲ್ಲ ಸ್ವರಗಳೂ ಮೂರು ಸ್ವರಸ್ಥಾನಕ್ಕೂ ಸ್ವಲ್ಪ ಹೆಚ್ಚೇ ಕೆಳಗಿಳಿಯುತ್ತಿದ್ದವು.

ವಾಲ್ವಿನ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಪಾಲಿದೆ. 1954ರಲ್ಲಿ ಜಾಲಹಳ್ಳಿಯಲ್ಲಿ ನೆಲೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನು ಮಾಡತೊಡಗಿತು. ದೇಶದ ಮನೆಮನೆಯ ವಾಲ್ವ್ ರೇಡಿಯೋಗಳಿಗೆ ಅಲ್ಲಿಂದ ವಾಲ್ವ್ ಹೋಗುತ್ತಿತ್ತು. ಅವುಗಳಲ್ಲಿ ರೇಡಿಯೋದ ಕೊನೆಯ ಹಂತದಲ್ಲಿ ಸ್ಪೀಕರನ್ನು ನುಡಿಸುತ್ತಿದ್ದ ಇಎಲ್84 ಒಂದು. ಅಮೆರಿಕದಲ್ಲಿ 6ಬಿಕ್ಯು5 ಎಂದು ಕರೆಯುವುದು ಇದನ್ನೇ, ಆರ್ಗನ್ ಆಂಪ್ಲಿಫೈಯರುಗಳಲ್ಲೂ ಇದು ಕಾಣಸಿಗುತ್ತದೆ. ರೇಡಿಯೋ ರಿಪೇರಿಯವರ ಕಪಾಟಿನಲ್ಲಿ ಪೆಟ್ಟಿಗೆ ಒಡೆಯದೆ ಉಳಿದುಹೋದ ಬಿಇಎಲ್ ವಾಲ್ವ್‌ಗಳನ್ನು ಈಗ ಹೊರದೇಶದ ಹವ್ಯಾಸಿಗಳೂ ಕೇಳಿ ತರಿಸಿಕೊಳ್ಳುತ್ತಾರೆ. ಹೊಸ ವಾಲ್ವ್ ಬೇಕೆಂದರೆ ಬಹುಪಾಲು ರಷ್ಯಾ, ಸ್ಲೊವಾಕಿಯಾ, ಚೀನಾದ ಕಾರ್ಖಾನೆಗಳೇ ಗತಿ. 6ವಿ6, ಇಎಲ್84, 6550 ಮೂರೂ ಈಗಲೂ ತಯಾರಾಗುತ್ತಿರುವುದರಿಂದ ಆರ್ಗನ್ ಆಂಪ್ಲಿಫೈಯರುಗಳಿಗೆ ಆ ಚಿಂತೆಯಿಲ್ಲ.

ಚಿಂತೆಯಿರುವುದು ಆರ್ಗನ್ನಿನದ್ದೇ. ಪುಕ್ಕಟೆಗೆ ಸಿಗುವವುಗಳಲ್ಲಿ 1960ರ ದಶಕದ ಕೊನೆಯ ನಂತರದವು ಬಹಳ, ಅವುಗಳ ಹೊಟ್ಟೆಯಲ್ಲಿ ಇರುವುದು ಟ್ರಾನ್ಸಿಸ್ಟರ್. ಅದಕ್ಕೇ ಪಳಗಿದವರು ಟೆಂಪೋ ಹೇಳುವ ಮೊದಲು ಆರ್ಗನ್ನಿನ ಮಾದರಿಯ ಹೆಸರಿರುವ ಪಟ್ಟಿಯ ಫೋಟೋ ಕಳಿಸಿ ಎನ್ನುತ್ತಾರೆ. ಎಂ-3, ಎಂ-100, ಎಲ್-100 ಎಂದಿದ್ದರೆ ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತಾರೆ. ಟಿ ಸರಣಿ ಎಂದಿದ್ದರೆ ನಮಸ್ಕಾರ ಹೇಳಿ ಮುಂದಿನ ಜಾಹೀರಾತು ನೋಡುತ್ತಾರೆ.